ನಾಂಪುಂದು ಹೆರಿಗೆ ವಾರ್ಡು ಒಪ್ಪಿಸಿದ್ದು

ಅವರ ಹೆಸರು ಎಡ್ನಾ ಕಲಾಬಾ. ಸರೋವರದ ದಂಡೆಯ ನಮ್ಮ ಆಸ್ಪತ್ರೆಯಲ್ಲಿ ಸಂಬಳದ ಪಟ್ಟಿ ಓದುವವನನ್ನು ಬಿಟ್ಟರೆ ಆ ಹೆಸರು ಹಿಡಿದು ಅವರನ್ನು ಕರೆದವರಿಲ್ಲ. ಎಲ್ಲರಿಗೂ ಅವರು ನಾಂಪುಂದು, ಅಂದರೆ ಅವಳಿಗಳ ತಾಯಿ. ಅವರ ಅವಳಿ ಮಕ್ಕಳು ಬದುಕಿದ್ದು ಎಂಟು ದಿನ. ಆಮೇಲೆ ಮಕ್ಕಳಾಗಲಿಲ್ಲ. ತಾಮ್ರದ ಗಣಿಗೆ ದುಡಿಯಲು ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಹೆಸರು ಮಾತ್ರ ಉಳಿಯಿತು. ನಮ್ಮ ಬೆಂಬಾ ಜನರಲ್ಲಿ ಅವಳಿ ಹೆತ್ತವಳಿಗೆ ಒಮ್ಮೆ ಈ ಹೆಸರು ಬಂದರೆ ಸಾಯುವ ತನಕ ಹೋಗುವುದಿಲ್ಲ. ದಿನಕ್ಕೆ ನೂರು ಸಲ ಜನ ಅವರನ್ನು ಆ ಸತ್ತ ಮಕ್ಕಳ ಲೆಕ್ಕದಲ್ಲೇ ಕರೆದರು, ನೂರು ಸಲವೂ ಅವರು "ಬಂದೆ" ಎಂದರು. ಅದು ಹೇಗೆ ಸಾಧ್ಯವಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಕಪಂಬ್ವೆ. ಅದೇ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನರ್ಸು, ಅದಕ್ಕಿಂತ ಹೆಚ್ಚಾಗಿ ನೌಕರರ ಸಂಘದ ನಮ್ಮ ಶಾಖೆಯ ಕಾರ್ಯದರ್ಶಿ. ಅದಕ್ಕಿಂತ ಹೆಚ್ಚಾಗಿ ಎಂದು ಯಾಕೆ ಹೇಳಿದೆನೆಂದರೆ ಆ ದಿನಗಳಲ್ಲಿ ನಾನು ಹಾಗೇ ಓಡಾಡುತ್ತಿದ್ದೆ. ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಸಂಘದ ನಡಾವಳಿ ಪುಸ್ತಕ. ಎದುರಿಗೆ ಬಂದವರು ನಮಸ್ಕಾರ ಹೇಳಿದರೆ ಅದು ನನಗೋ ಪುಸ್ತಕಕ್ಕೋ ಎಂದು ಯೋಚಿಸುವಷ್ಟು ಬೀಗಿದ್ದೆ.

ಕೆಲಸ ಕಲಿತದ್ದು ಅವರ ಕೈಕೆಳಗೆ. ೧೯೮೬ರಲ್ಲಿ ಹೊಸದಾಗಿ ಬಂದಾಗ ಒಂದು ಮಧ್ಯಾಹ್ನ ಪಾಳಿ ಮುಗಿಯಿತೆಂದು ಬಾಗಿಲಲ್ಲೇ ನಿಂತು, ಒಳಗೆ ಬರುತ್ತಿದ್ದ ನರ್ಸಿಗೆ "ಮೂರನೇ ಹಾಸಿಗೆಗೆ ಜ್ವರ, ಉಳಿದವರೆಲ್ಲ ಚೆನ್ನಾಗಿದಾರೆ" ಎಂದು ಕೂಗಿ ಹೊರಟುಬಿಟ್ಟೆ. ಬಸ್ ನಿಲ್ದಾಣದ ತನಕ ಹೋಗಿದ್ದೆ. ನಾಂಪುಂದು ಆಸ್ಪತ್ರೆಯ ಕಾವಲುಗಾರನ ಸೈಕಲ್ಲಿನ ಹಿಂದೆ ಕೂತು ಬಂದು, ಜನರೆದುರಿಗೇ ನನ್ನನ್ನು ವಾಪಸ್ ಕರೆದೊಯ್ದರು. ಸೈಕಲ್ಲಿನಲ್ಲಿ ಅವರು, ಪಕ್ಕದಲ್ಲಿ ಓಡುತ್ತ ನಾನು. ವಾರ್ಡಿಗೆ ಬಂದ ಮೇಲೆ ಒಂದೊಂದೇ ಹಾಸಿಗೆಯ ಹತ್ತಿರ ನಿಲ್ಲಿಸಿದರು.

"ಹೇಳು. ಇವಳ ಹೆಸರೇನು? ಬೆಳಿಗ್ಗೆ ಏನು ತಿಂದ್ಳು? ಕೊನೇ ಸಲ ಯಾವಾಗ ಸೂಜಿ ಕೊಟ್ಟೆ?"

"ಚೀಟೀಲಿ ಬರೆದಿದೀನಿ, ನಾಂಪುಂದು."

"ಚೀಟಿ ಅಲ್ಲಪ್ಪ ರೋಗೀನ ನೋಡ್ಕೊಳ್ಳೋದು. ಅವಳ ಕಣ್ಣೆದುರಿಗೇ ಇನ್ನೊಬ್ಬರ ಕೈಗೆ ಒಪ್ಪಿಸು. ಯಾರ ಕೈಲಿದೀನಿ ಅಂತ ಅವಳಿಗೂ ಗೊತ್ತಾಗ್ಲಿ."

ಒಪ್ಪಿಸುವುದು ಎಂದರೆ ಅವರಿಗೆ ಪೂಜೆ ಇದ್ದ ಹಾಗೆ. ಅದರಲ್ಲೂ ಅಪಾಯದ ಔಷಧಿಗಳ ಬೀರುವಿನ ಬೀಗದಕೈ. ಅದನ್ನು ನರ್ಸಿನಿಂದ ನರ್ಸಿಗೆ ಕೈಯಿಂದ ಕೈಗೇ ಕೊಡಬೇಕು, ಒಳಗಿನ ಸೀಸೆಗಳನ್ನು ಇಬ್ಬರೂ ಎಣಿಸಬೇಕು, ಇಬ್ಬರೂ ಸಹಿ ಹಾಕಬೇಕು. ಅವರು ಬರುವುದಕ್ಕೂ ಮೊದಲು ಯಾರೋ ಒಬ್ಬಳು ಅವಸರದಲ್ಲಿ ಬೀಗದಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಊರಿಗೆ ಹೋಗಿದ್ದಳಂತೆ. ಬೀರು ಒಡೆಯುವಷ್ಟರಲ್ಲಿ ಒಬ್ಬ ಬಾಣಂತಿಯ ಜೀವ ಹೋಗಿತ್ತು. ಆ ಕಥೆಯನ್ನು ಅವರು ಪ್ರತಿಯೊಬ್ಬ ಹೊಸ ನರ್ಸಿಗೂ ಹೇಳುತ್ತಿದ್ದರು. ಹೇಳುವಾಗ ಬೀಗದಕೈ ಸಿಕ್ಕಿಸಿದ ತಮ್ಮ ಸೊಂಟದ ಪಟ್ಟಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಸಂಘದ ಶಾಖೆ ಕಟ್ಟಿದ್ದೂ ಅವರೇ. ನಾನು ಬರೀ ಪುಸ್ತಕ ಹೊತ್ತವನು.

೧೯೯೭ರಲ್ಲಿ ಮೇಲಿನವರು ಅವಧಿಗೆ ಮುಂಚೆ ನಿವೃತ್ತಿಯ ಮೊದಲ ಯೋಜನೆ ತಂದರು. ಆರೋಗ್ಯ ಇಲಾಖೆ ಇನ್ನು ಸರ್ಕಾರದ್ದಲ್ಲ, ಜಿಲ್ಲಾ ಮಂಡಳಿಯದ್ದು, ಜನ ಹೆಚ್ಚಾಗಿದ್ದಾರೆ, ಇಷ್ಟವಿದ್ದವರು ಇಡಿಗಂಟು ತೆಗೆದುಕೊಂಡು ಮನೆಗೆ ಹೋಗಬಹುದು ಎಂದು ಹೇಳಿದರು. ಇಷ್ಟ ಎಂಬ ಮಾತು ಕಾಗದದಲ್ಲಿತ್ತು, ಅಷ್ಟೆ. ಅಡುಗೆಯವನು ಹೋದ, ಆಂಬುಲೆನ್ಸ್ ಚಾಲಕ ಹೋದ, ಬಟ್ಟೆ ಒಗೆಯುವ ಇಬ್ಬರು ಹೋದರು. ಇಡಿಗಂಟು ಬಂದವರೆಲ್ಲ ಹಿಟ್ಟಿನ ಗಿರಣಿ ಹಾಕಿದರು. ಒಂದೇ ಬೀದಿಯಲ್ಲಿ ಮೂರು ಗಿರಣಿಯಾಗಿ, ಬೀಸುವುದಕ್ಕೆ ಮರಗೆಣಸು ಸಾಲದೆ ಮೂರೂ ನಿಂತವು. ಇತ್ತ ಆಸ್ಪತ್ರೆಯಲ್ಲಿ ಅವರ ಕೆಲಸವೆಲ್ಲ ಉಳಿದವರ ತಲೆಗೆ ಬಂತು. ಹೆರಿಗೆ ಮಾಡಿಸಿದ ನರ್ಸೇ ಆ ರಕ್ತದ ಬಟ್ಟೆಯನ್ನು ಹಿತ್ತಿಲಿನಲ್ಲಿ ಕುದಿಸಿ ಒಗೆಯಬೇಕು. ಹಾಗೆ ಒಗೆದೆವು ಕೂಡ, ಮೂರ್ಖರ ಹಾಗೆ. ನಾವು ಒಗೆಯುವುದನ್ನು ಕಂಡ ಮಂಡಳಿ, ಇವರಿಂದಲೇ ನಡೆಯುತ್ತಿದೆಯಲ್ಲ ಎಂದು ಆ ಹುದ್ದೆಗಳನ್ನೇ ಅಳಿಸಿಹಾಕಿತು.

ಆಗ ಮಾವಿನ ಮರದ ಕೆಳಗೆ ಸಭೆ ಸೇರಿತು. ನಾಂಪುಂದು ಎದ್ದು ನಿಂತರು. ಸೋಪಿನ ನೀರಿಗೆ ಅವರ ಎರಡೂ ಕೈ ಮೊಣಕೈ ತನಕ ಬಿರುಕು ಬಿಟ್ಟಿತ್ತು. ಅದನ್ನೇ ಎತ್ತಿ ತೋರಿಸಿದರು.

"ನೋಡ್ರಮ್ಮ, ಇದು ನಂದೇ ತಪ್ಪು. ಹೋದವರ ಕೆಲಸಾನ ನಾನು ಮುಟ್ಟಿದೆ, ಅವರ ಜಾಗ ಹೋಯ್ತು. ಇವತ್ತಿಂದ ಯಾರು ಬಿಟ್ಟು ಹೋದ್ರೂ ಅವರ ಕೆಲಸಾನ ಇನ್ನೊಬ್ಬರು ವಹಿಸ್ಕೋಬಾರ್ದು. ನನ್ನ ಜಾಗವಾದ್ರೂ ಅಷ್ಟೇ. ಹೊಸಬರನ್ನ ಕೊಟ್ಟರೆ ಅವರ ಕೈಗೆ ಒಪ್ಪಿಸೋದು, ಇಲ್ದಿದ್ರೆ ಇಲ್ಲ. ಬರ್ಕೋ ಕಪಂಬ್ವೆ."

ಬರೆದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿ ಹಾಡಿದರು. 'ನನ್ನ ಜಾಗವಾದರೂ ಅಷ್ಟೇ' ಎಂಬುದನ್ನೂ ಬಿಡದೆ ಬರೆದೆ, ಅಕ್ಷರ ದುಂಡಗಿರಲಿ ಎಂದು ನಿಧಾನವಾಗಿ ಬರೆದೆ.

ಎರಡು ವರ್ಷ ಕಳೆಯಿತು. ೧೯೯೯ರಲ್ಲಿ ಎರಡನೇ ಯೋಜನೆ ಬಂತು, ಈ ಸಲ ನರ್ಸುಗಳಿಗೆ. ಸಂಘ ಸಿಡಿದೆದ್ದಿತು. ಯಾರೂ ಸಹಿ ಹಾಕಬೇಡಿ ಎಂದು ರಾಜಧಾನಿಯ ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು. ನಮ್ಮ ಆಸ್ಪತ್ರೆಯಲ್ಲಿ ನರ್ಸುಗಳೆಂದು ಉಳಿದಿದ್ದವರೇ ಐದು ಜನ, ಐವರೂ ಸಂಘದವರು. ಐವರಲ್ಲಿ ಒಬ್ಬರು ಸಹಿ ಹಾಕಿದರು. ಆ ಒಬ್ಬರು ನಾಂಪುಂದು.

ಅವರಿಗೊಬ್ಬಳು ತಂಗಿ ಇದ್ದಳು, ಚೆವೆ. ಇವರಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವ್ವ ಮೀನು ಒಣಗಿಸಲು ಹೋದಾಗ ಇವರೇ ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ ತಂಗಿ. ಸರೋವರದ ನಡುವೆ ಚಿಶಿ ದ್ವೀಪದಲ್ಲಿ ಅವಳ ಮನೆ. ಆ ವರ್ಷಗಳಲ್ಲಿ ಮನೆಮನೆಗೂ ಬಂದಿದ್ದ, ಯಾರೂ ಬಾಯಿಬಿಟ್ಟು ಹೆಸರು ಹೇಳದ ಕಾಯಿಲೆ ಅವಳಿಗೂ ಬಂದಿತ್ತು. ಗಂಡ ಹಿಂದಿನ ವರ್ಷವೇ ಹೋಗಿದ್ದ. ಏಪ್ರಿಲ್‌ನಲ್ಲಿ ಎರಡು ವಾರ ನಮ್ಮಲ್ಲೇ ಮಲಗಿದ್ದಳು. ಕೊಡಲು ನಮ್ಮ ಹತ್ತಿರ ಔಷಧಿಯಿರಲಿಲ್ಲ, ಅವಳಿಗೆ ಅದು ತಿಳಿದಿತ್ತು.

"ಅಕ್ಕಾ, ಇಲ್ಲಿ ಸಾಯಲ್ಲ ನಾನು. ಅವ್ವ ಮಲಗಿರೋ ಕಡೆ ಕರ್ಕೊಂಡು ಹೋಗು. ನೀನು ಬಂದು ಪಕ್ಕದಲ್ಲಿ ಕೂತ್ಕೊ, ಇನ್ನೇನೂ ಬೇಡ," ಎಂದಳು. ಪಕ್ಕದ ಹಾಸಿಗೆಯವನಿಗೆ ಸೂಜಿ ಚುಚ್ಚುತ್ತ ನಾನೇ ಕೇಳಿಸಿಕೊಂಡೆ. ಅವತ್ತು ಹೆಂಗಸರ ವಾರ್ಡು ತುಂಬಿ ಅವಳನ್ನು ನನ್ನ ವಾರ್ಡಿನ ಮೂಲೆಯಲ್ಲಿ ಪರದೆ ಕಟ್ಟಿ ಮಲಗಿಸಿದ್ದೆವು.

ತಂಗಿಯನ್ನು ದೋಣಿ ಹತ್ತಿಸಿದ ಮಾರನೇ ದಿನ ನಾಂಪುಂದು ಅರ್ಜಿ ತುಂಬಿದರು. ರಜೆ ಕೇಳಿ ನೋಡಿದ್ದರು, ಸಿಬ್ಬಂದಿ ಇಲ್ಲವೆಂದು ಮಂಡಳಿ ಕೊಟ್ಟಿರಲಿಲ್ಲ. ನಿವೃತ್ತಿಯನ್ನು ಕೇಳಿದ್ದೇ ತಡ ಕೊಟ್ಟುಬಿಟ್ಟಿತು. ಜೂನ್ ಮೂವತ್ತು ಕೊನೆಯ ದಿನ.

ಸಂಘದವರು ಉರಿದುಬಿದ್ದರು. ನಮ್ಮಲ್ಲಿ ಫೆಲಿಸ್ತಾಸ್ ಎಂಬ ನರ್ಸು ಇದ್ದಳು, ಬಾಯಿಯೆಂದರೆ ಬಾಯಿ. ನಾಂಪುಂದು ಎದುರಿಗೆ ಹಾದು ಹೋದರೆ ಸಾಕು, ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು.

"ನಾಲ್ಕನೇ ಗಿರಣಿ ಎಲ್ಲಿ ಬರತ್ತಂತೆ? ದ್ವೀಪದಲ್ಲಂತೆ ಕಣ್ರೀ. ಮೀನು ಬೀಸ್ತಾರಂತೆ."

ಜನ ನಗುತ್ತಿದ್ದರು. ನಾನೂ ನಕ್ಕೆ. ಚೆವೆಯ ವಿಷಯ ಎಲ್ಲರಿಗೂ ಗೊತ್ತಿತ್ತು, ಆದರೆ ಆಗ ಯಾರ ಮನೆಯಲ್ಲಿ ಮಲಗಿದವರಿರಲಿಲ್ಲ? ಫೆಲಿಸ್ತಾಸಳ ಅಣ್ಣ ಮಲಗಿದ್ದ, ನನ್ನ ಭಾವಮೈದುನ ಮಲಗಿದ್ದ. ಮಲಗಿದವರು ಇರುವವರೆಲ್ಲ ಮನೆಗೆ ಹೋದರೆ ಆಸ್ಪತ್ರೆಯಲ್ಲಿ ಉಳಿಯುವವರು ಯಾರು ಎಂದು ನಾವು ವಾದ ಮಾಡುತ್ತಿದ್ದೆವು. ಆ ವಾದದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿಲ್ಲದ ವಾದ ಹಿಡಿದು ಎಂಥ ಕೆಲಸ ಮಾಡಬಹುದು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಜೂನ್ ಮೂವತ್ತು ಬುಧವಾರ. ನಮ್ಮ ಕಡೆ ಜೂನ್ ಅಂದರೆ ಚಳಿಗಾಲ, ಸರೋವರದ ಮೇಲಿಂದ ಗಾಳಿ ಬೀಸುತ್ತಿತ್ತು. ಮಧ್ಯಾಹ್ನ ಎರಡಕ್ಕೆ ನಾಂಪುಂದು ಇಸ್ತ್ರಿ ಮಾಡಿದ ಸಮವಸ್ತ್ರ, ಅದರ ಮೇಲೆ ನೀಲಿ ಸ್ವೆಟರ್ ಹಾಕಿಕೊಂಡು ಗಂಡಸರ ವಾರ್ಡಿಗೆ ಬಂದರು. ಹೆರಿಗೆ ವಾರ್ಡಿಗೆ ಉಳಿದಿದ್ದವರು ಅವರೊಬ್ಬರೇ, ರಾತ್ರಿ ಕರೆ ಹೋದರೂ ಬೀಗದಕೈ ಹಿಡಿದು ಅವರೇ ಬರಬೇಕು. ಅವರ ನಂತರ ಹಿರಿಯ ನಾನೇ. ಒಂದು ಕೈಯಲ್ಲಿ ಒಪ್ಪಿಸುವ ಪುಸ್ತಕ, ಇನ್ನೊಂದರಲ್ಲಿ ಬೀಗದಕೈ.

"ಬಾ ತಮ್ಮಾ, ವಾರ್ಡು ಒಪ್ಪಿಸ್ಕೊ. ಇಬ್ಬರು ಹೆತ್ತಿದಾರೆ, ಒಬ್ಬಳಿಗೆ ನೋವು ಶುರುವಾಗಿದೆ. ಶುಕ್ರವಾರದ ದೋಣಿಗೆ ಹೋಗ್ಬೇಕು ನಾನು."

"ಆಗಲ್ಲ ನಾಂಪುಂದು. ಸಂಘದ ತೀರ್ಮಾನ ಇದೆ."

"ಗೊತ್ತು. ಮಾಡಿದ್ದೇ ನಾನಲ್ವಾ."

"ಹಾಗಿದ್ಮೇಲೆ ನೀವೇ ಹೇಳಿ. ನಾನು ಈ ಬೀಗದಕೈ ಮುಟ್ಟಿದ್ರೆ ನಿಮ್ಮ ಜಾಗ ನಾಳೇನೇ ಅಳಿಸ್ತಾರೆ. ಐವರು ಇದ್ದಲ್ಲಿ ನಾಲ್ವರು. ಮುಂದಿನ ವರ್ಷ ಮೂವರು. ಹೊಸಬರನ್ನ ಕೊಡ್ಲಿ, ಅವರ ಕೈಗೆ ಕೊಡಿ. ಕೇಂದ್ರ ಕಚೇರಿಗೆ ಫೋನ್ ಮಾಡಿದೀನಿ, ಮಾತುಕತೆ ನಡೀತಿದೆ. ಒಂದು ವಾರ ತಡ್ಕೊಳ್ಳಿ."

"ಚೆವೆಗೆ ವಾರದ ಲೆಕ್ಕ ಹೇಳೋ ಹಾಗಿಲ್ಲಪ್ಪ."

ನಾನು ತಲೆ ತಗ್ಗಿಸಿದೆ, ಕೈ ಚಾಚಲಿಲ್ಲ. ಅವರು ಬೀಗದಕೈಯನ್ನು ಮತ್ತೆ ಸೊಂಟದ ಪಟ್ಟಿಗೆ ಸಿಕ್ಕಿಸಿ, ನೋವು ಶುರುವಾದವಳ ಹತ್ತಿರ ಹೋದರು.

ಅಲ್ಲಿಗೇ ಬಿಟ್ಟು ಹೊರಟುಬಿಡಬಹುದಿತ್ತು. ಆಡಳಿತಾಧಿಕಾರಿ ಸಿಕಾವೊಂಗಾ ಹಾಗೇ ಹೇಳಿದ. ಅವನು ಮಂಡಳಿಯ ಮನುಷ್ಯ, ದಪ್ಪ ಕನ್ನಡಕದವನು, ಕೆಟ್ಟವನೇನಲ್ಲ.

"ನನ್ನ ಮೇಜಿನ ಮೇಲೆ ಇಡಿ, ಅಮ್ಮ. ನಾನು ಸಹಿ ಹಾಕ್ತೀನಿ. ನೀವು ಹೊರಡಿ."

"ನೀವು ನರ್ಸಲ್ಲ, ಯಜಮಾನ್ರೇ. ರಾತ್ರಿ ಒಬ್ಬಳಿಗೆ ರಕ್ತ ಕಿತ್ಕೊಂಡ್ರೆ ನಿಮ್ಮ ಮೇಜು ಎದ್ದು ಹೋಗಿ ಬೀರು ತೆಗೆಯತ್ತಾ?"

ಸಂಘದವನಾದ ನಾನು ಮುಟ್ಟುವುದಿಲ್ಲ, ನರ್ಸಲ್ಲದ ಅವನಿಗೆ ಅವರು ಕೊಡುವುದಿಲ್ಲ. ಹೀಗೆ ನಿವೃತ್ತಿಯಾದ ನರ್ಸು ಜುಲೈ ಒಂದರಂದು ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಬಂದರು.

ನನ್ನ ಮನಸ್ಸಿನಲ್ಲಿದ್ದ ಕೊಳಕನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಈಗ ಯಾರಿಗೆ ಲಾಭ? ಅವರು ಬೀಗದಕೈ ಹಿಡಿದು ನಿಂತಿರುವಷ್ಟು ದಿನ ನಮ್ಮ ಪಟ್ಟು ಗಟ್ಟಿ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು. ನೋಡಿ, ಈ ಹುದ್ದೆ ಇಲ್ಲದೆ ಆಸ್ಪತ್ರೆ ನಡೆಯುವುದಿಲ್ಲ, ನಿವೃತ್ತಿಯಾದವಳೂ ಬಿಟ್ಟು ಹೋಗಲಾರಳು ಎಂದು ಕೇಂದ್ರ ಕಚೇರಿಗೆ ಫೋನಿನಲ್ಲಿ ಹೇಳಿದೆ. ಅಲ್ಲಿಯವರು ಭೇಷ್ ಎಂದರು. ಮಂಡಳಿಗೂ ಬೇಸರವಿರಲಿಲ್ಲ, ಹೆರಿಗೆಗಳು ನಡೆಯುತ್ತಿದ್ದವಲ್ಲ. ಎಲ್ಲರಿಗೂ ಅನುಕೂಲವಾಗಿತ್ತು, ಅವರೊಬ್ಬರಿಗೆ ಬಿಟ್ಟು.

ದೋಣಿ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ನಮ್ಮ ದಂಡೆಯಿಂದ ಹೊರಟು ಮಾರನೇ ಬೆಳಿಗ್ಗೆ ದ್ವೀಪದಿಂದ ವಾಪಸ್ ಬರುತ್ತಿತ್ತು. ಅದರಲ್ಲಿ ಬಂದ ದ್ವೀಪದ ಮೀನುಗಾರರು ಸಂತೆಗೆ ಹೋಗುವ ಮುಂಚೆ ಹೆರಿಗೆ ವಾರ್ಡಿನ ಕಿಟಕಿಯ ಹತ್ತಿರ ನಿಂತು ಸುದ್ದಿ ಹೇಳಿ ಹೋಗುತ್ತಿದ್ದರು. ಚೆವೆಯ ಮಗಳು ಮಲೂಬಾ ಹೇಳಿ ಕಳಿಸುತ್ತಿದ್ದಳು. ದೊಡ್ಡಮ್ಮನಿಗೆ ಹೇಳಿ, ಅವ್ವ ಗಂಜಿ ಕುಡಿದಳು. ದೊಡ್ಡಮ್ಮನಿಗೆ ಹೇಳಿ, ಅವ್ವ ಇವತ್ತು ಕುಡಿಯಲಿಲ್ಲ. ದೊಡ್ಡಮ್ಮ ಯಾವಾಗ ಬರುತ್ತಾಳೆ ಎಂದು ಕೇಳಿ. ಕಿಟಕಿಯ ಈಚೆ ನಾಂಪುಂದು ಕೂಸಿನ ಹೊಕ್ಕುಳು ಒರೆಸುತ್ತಲೇ ಉತ್ತರ ಹೇಳುತ್ತಿದ್ದರು, "ಮುಂದಿನ ದೋಣಿಗೆ ಅಂತ ಹೇಳಿ." ಹೀಗೆ ಐದು ದೋಣಿಗಳಿಗೆ ಹೇಳಿದರು.

ಜುಲೈ ಹದಿನೆಂಟು ಭಾನುವಾರ, ಇಗರ್ಜಿ ಮುಗಿಸಿ ನನ್ನ ಮನೆಗೆ ಬಂದರು. ನನ್ನ ಹೆಂಡತಿ ಅಸ್ತ್ರಿದಾ ಕುರ್ಚಿ ತಂದಳು. ಅವರು ಅದನ್ನು ಪಕ್ಕಕ್ಕೆ ಸರಿಸಿ ನೆಲದ ಚಾಪೆಯ ಮೇಲೆ ಕಾಲು ಮಡಿಸಿ ಕೂತರು. ನಮ್ಮಲ್ಲಿ ಬೇಡಲು ಬಂದವರು ಹಾಗೆ ಕೂರುತ್ತಾರೆ. ನನಗಿಂತ ಹದಿನೈದು ವರ್ಷ ದೊಡ್ಡವರು, ನನ್ನ ಕೈ ಹಿಡಿದು ಸೂಜಿ ಚುಚ್ಚಲು ಕಲಿಸಿದವರು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ, ನಿಲ್ಲಲೂ ಆಗಲಿಲ್ಲ.

"ಮೇಲೆ ಕೂತ್ಕೊಳ್ಳಿ ನಾಂಪುಂದು. ನನ್ನ ಮಾನ ಹೋಗತ್ತೆ."

"ಇಲ್ಲೇ ಇರ್ಲಿ ಬಿಡು. ಕಪಂಬ್ವೆ, ನಾನು ಯಾವತ್ತಾದ್ರೂ ನಿನ್ನ ಹತ್ರ ಏನಾದ್ರೂ ಕೇಳಿದೀನಾ?"

"ಇಲ್ಲ."

"ಈಗ ಕೇಳ್ತಿದೀನಿ. ತಗೋ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಸ್ತ್ರಿದಾ ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದಳು. ನಾನು ಎದ್ದು ಸಂಘದ ಪುಸ್ತಕ ತಂದೆ. ಏನು ಹೇಳಲಿ, ತಂದೇಬಿಟ್ಟೆ. ಆ ಪುಟ ತೆರೆದೆ.

"ಬುಧವಾರ ಕಾಗದ ಬರತ್ತೆ ಅಂದಿದಾರೆ. ಖಂಡಿತ. ಕಾಗದ ಬಂದ ಗಳಿಗೇಲೇ ನಾನೇ ಓಡಿ ಬರ್ತೀನಿ. ಇನ್ನು ಮೂರೇ ದಿನ."

ಪುಸ್ತಕವನ್ನು ಅವರು ನೋಡಲೇ ಇಲ್ಲ. "ಸರಿ ತಮ್ಮಾ" ಎಂದರು. ಅಸ್ತ್ರಿದಾ ನ್ಶಿಮಾ ಮುದ್ದೆ, ಒಣಮೀನಿನ ಸಾರು ತಂದಿಟ್ಟಳು. ಬಂದ ಮನೆಯಲ್ಲಿ ಊಟ ಬೇಡ ಎನ್ನಬಾರದಲ್ಲ, ಒಂದು ತುತ್ತು ಮುರಿದು ತಿಂದು ಕೈ ತೊಳೆದು ಹೊರಟರು. ಅವರು ಬೇಲಿ ದಾಟಿದ ಮೇಲೆ ಅಸ್ತ್ರಿದಾ ಹೇಳಿದ್ದು ಒಂದೇ ಮಾತು.

"ನಿಮ್ಮ ಅಕ್ಕ ಹೀಗೆ ಇನ್ನೊಬ್ಬರ ನೆಲದ ಮೇಲೆ ಕೂತಿದ್ರೆ ಏನ್ ಮಾಡ್ತಿದ್ರಿ?"

"ರಾಜಕೀಯ ನಿಂಗೆ ಅರ್ಥ ಆಗಲ್ಲ, ಸುಮ್ನಿರು," ಎಂದೆ. ಸುಮ್ಮನಾದಳು. ಒಂದು ವಾರ ಸುಮ್ಮನೇ ಇದ್ದಳು.

ಬುಧವಾರ ಕಾಗದ ಬರಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಬೆಳಿಗ್ಗೆ ಏಳರ ಹೊತ್ತಿಗೆ ಹೆರಿಗೆ ವಾರ್ಡಿಗೆ ಏನೋ ಕೇಳಲು ಹೋದೆ. ಒಬ್ಬ ಹೆಂಗಸು ನೋವಿನಲ್ಲಿ ಒದ್ದಾಡುತ್ತಿದ್ದಳು. ನಾಂಪುಂದು ಅವಳ ಬೆನ್ನು ನೀವುತ್ತಿದ್ದರು.

"ಇನ್ನೊಂಚೂರು ಚೆವೆ, ಇನ್ನೊಂಚೂರು, ನಾನು ಇಲ್ಲೇ ಇದೀನಿ ಕಣೇ," ಎನ್ನುತ್ತಿದ್ದರು.

ಆ ಹೆಂಗಸಿನ ಹೆಸರು ಚೆವೆ ಅಲ್ಲ. ಹದಿಮೂರು ವರ್ಷದಲ್ಲಿ ಅವರು ಒಬ್ಬ ರೋಗಿಯ ಹೆಸರನ್ನೂ ತಪ್ಪಿ ಕರೆದದ್ದು ನಾನು ಕೇಳಿರಲಿಲ್ಲ. ಅವರಿಗೆ ತಾವು ತಪ್ಪಿದ್ದು ಗೊತ್ತಾಗಲೂ ಇಲ್ಲ. ಮಗು ಹುಟ್ಟಿ ಅತ್ತ ಮೇಲೆ ಅವರ ಮುಂದೆ ಹೋಗಿ ಕೈ ಚಾಚಿದೆ.

"ಕೊಡಿ. ನಾನು ಒಪ್ಪಿಸ್ಕೋತೀನಿ."

"ಕಾಗದ ಬಂತಾ?"

"ಇಲ್ಲ. ಕೊಡಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಆ ಅವಸರದಲ್ಲೂ ಒಂದು ಹಾಸಿಗೆಯನ್ನೂ ಬಿಡದೆ ಒಪ್ಪಿಸಿದರು. ಇವಳು ಇಂಥವಳು, ಇದು ಅವಳ ಮೂರನೇ ಹೆರಿಗೆ, ಇವಳಿಗೆ ಉಪ್ಪು ಕೊಡಬೇಡ, ಈ ಕೂಸಿಗೆ ಬಲಗಣ್ಣು ಕೀವು. ಬೀರು ತೆಗೆದು ಸೀಸೆಗಳನ್ನು ಎಣಿಸಿದೆವು, ಸಹಿ ಹಾಕಿದೆವು. ಬಾಗಿಲಲ್ಲಿ ಫೆಲಿಸ್ತಾಸ್ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಓಡಿಹೋಗಿ ನಾಂಪುಂದುವಿನ ಮನೆಯಿಂದ ಅವರ ಕೈಚೀಲ, ಕಂಬಳಿ ತಂದಳು. ಹತ್ತರ ದೋಣಿಗೆ ಅವರನ್ನು ಹತ್ತಿಸಿದೆವು.

ದಂಡೆಯಿಂದ ವಾಪಸ್ ಬರುವಾಗ ನನಗೆ ಹೆಮ್ಮೆಯಾಗಿತ್ತು. ತೀರ್ಮಾನ ಮುರಿದು ದೊಡ್ಡ ಉಪಕಾರ ಮಾಡಿದವನ ಹಾಗೆ ಎದೆಯೆತ್ತಿ ನಡೆದೆ.

ಚೆವೆ ಸತ್ತದ್ದು ಬುಧವಾರ ಸಂಜೆ. ಗುರುವಾರ ಮಧ್ಯಾಹ್ನ ಮಣ್ಣು ಮಾಡಿದರು. ನಡುವೆ ದೋಣಿ ಇರಲಿಲ್ಲ, ಗಾಳಿ ಜೋರಾಗಿತ್ತು, ಸುದ್ದಿ ಬರಲಿಲ್ಲ. ಶುಕ್ರವಾರ ನಾಂಪುಂದು ಚಿಶಿಯಲ್ಲಿ ಇಳಿದಾಗ ದಂಡೆಯ ಹೆಂಗಸರು ಅವರನ್ನು ಕಂಡು ಬಾಯಿ ಬಡಿದುಕೊಂಡು ಅತ್ತರಂತೆ. ಆಗಲೇ ಅವರಿಗೆ ಗೊತ್ತಾದದ್ದು.

ನಮಗೆ ಗೊತ್ತಾದದ್ದು ಶನಿವಾರ. ಸೋಮವಾರ ಕೇಂದ್ರ ಕಚೇರಿಯ ಕಾಗದವೂ ಬಂತು. ಒಪ್ಪಂದವಾಗಿದೆ, ಉಳಿದವರಿಗೆ ಪಾಳಿಯ ಭತ್ಯೆ ಹೆಚ್ಚುತ್ತದೆ, ನಿವೃತ್ತರಾದವರ ಹುದ್ದೆಗಳನ್ನು ಕೈಬಿಡಲು ಸಂಘ ಒಪ್ಪಿದೆ. ಇಪ್ಪತ್ತಮೂರು ದಿನ ನಾನು ಅವರನ್ನು ನಿಲ್ಲಿಸಿಕೊಂಡು ಕಾದ ಆ ಜಾಗವನ್ನು ಮೇಲಿನವರು ಒಂದು ಸಾಲಿನಲ್ಲಿ ಬಿಟ್ಟುಕೊಟ್ಟಿದ್ದರು. ಆ ಕಾಗದವನ್ನು ನಾನು ನಾಲ್ಕು ಸಲ ಓದಿದೆ. ಎಲ್ಲಾದರೂ ಬೇರೆ ಅರ್ಥ ಇದೆಯೇನೋ ಎಂದು ಹುಡುಕಿದೆ.

ಮಂಗಳವಾರ ಎಮೆಲ್ಡಾ ಎಂಬ ನರ್ಸನ್ನು ಆಸ್ಪತ್ರೆಯಲ್ಲಿ ಬಿಟ್ಟು ನಾನು, ಫೆಲಿಸ್ತಾಸ್, ಇನ್ನೊಬ್ಬ ನರ್ಸು ಸಾವಿನ ಮನೆಗೆಂದು ಜೋಳದ ಹಿಟ್ಟಿನ ಒಂದು ಮೂಟೆ ಹೊತ್ತು ಚಿಶಿಗೆ ಹೋದೆವು. ನಾಂಪುಂದು ತಲೆಗೆ ಬಟ್ಟೆ ಕಟ್ಟಿಕೊಂಡು ಹೆಂಗಸರ ನಡುವೆ ನೆಲದ ಮೇಲೆ ಕೂತಿದ್ದರು. ನಮ್ಮನ್ನು ಕಂಡು ಮೂಟೆ ಇಳಿಸಲು ಜಾಗ ತೋರಿಸಿದರು, ನೀರು ಕೊಡಲು ಹೇಳಿದರು. ಮಲೂಬಾ ನೀರು ತಂದಳು. ಹದಿನಾರರ ಹುಡುಗಿ. ನಾವು ಯಾರೆಂದು ತಿಳಿಯದೆ, ಸಾವಿನ ಮನೆಗೆ ಬಂದವರಿಗೆ ಹೇಳುವ ಹಾಗೆ ನಮಗೂ ಎಲ್ಲವನ್ನೂ ಹೇಳಿದಳು.

"ದೋಣಿ ಬರೋ ದಿನ ಅವ್ವ ಹಾಸಿಗೇನ ಬಾಗಿಲ ಹತ್ರ ಎಳಿಸ್ಕೋತಿದ್ಳು. ಯಾರಾದ್ರೂ ದೊಡ್ಡಮ್ಮನ್ನ ಬೈದ್ರೆ ಜಗಳಕ್ಕೇ ಹೋಗೋಳು. 'ನಿಮಗೇನ್ರೇ ಗೊತ್ತು? ನಮ್ಮಕ್ಕ ಇಲ್ದಿದ್ರೆ ಅಲ್ಲಿ ಕೂಸುಗಳು ಹುಟ್ಟಲ್ಲ' ಅಂತಿದ್ಳು. ಮಂಗಳವಾರದ ದೋಣೀಲೂ ದೊಡ್ಡಮ್ಮ ಬರ್ಲಿಲ್ವಲ್ಲ, ಆಮೇಲೆ ಬಾಗಿಲ ಹತ್ರ ಬೇಡ ಅಂದ್ಳು. ಗೋಡೆ ಕಡೆ ತಿರುಗಿ ಮಲಗಿದ್ಳು."

ಭಾನುವಾರ ನನ್ನ ಮನೆಯ ಚಾಪೆಯ ಮೇಲೆ ಕೂತು ಕೇಳಿದಾಗ ನಾನು ಕೈ ಚಾಚಿದ್ದರೆ ಅವರು ಆ ಮಂಗಳವಾರದ ದೋಣಿಯಲ್ಲಿ ಇರುತ್ತಿದ್ದರು. ಒಂದು ಇಡೀ ರಾತ್ರಿ, ಒಂದು ಹಗಲು ಅಕ್ಕತಂಗಿ ಜೊತೆಗಿರುತ್ತಿದ್ದರು. ದ್ವೀಪದ ಕಡೆ ಹೆಣ್ಣಿನ ದೇಹವನ್ನು ಅವಳ ಒಡಹುಟ್ಟಿದವಳೇ ತೊಳೆದು ಬಟ್ಟೆ ಸುತ್ತಬೇಕು. ಚೆವೆಯನ್ನು ತೊಳೆದವರು ಪಕ್ಕದ ಮನೆಯ ಮೀನುಗಾರ ಹೆಂಗಸರು. ಇಪ್ಪತ್ತೊಂಬತ್ತು ವರ್ಷ ಕಂಡವರ ಕೂಸುಗಳನ್ನೂ ಕಂಡವರ ಹೆಣಗಳನ್ನೂ ತೊಳೆದ ಕೈ ಅವರದು.

ನಾನು ಅವರ ಮುಂದೆ ಮೊಣಕಾಲೂರಿ, ಎರಡೂ ಅಂಗೈ ಕೂಡಿಸಿ ಮೆಲ್ಲಗೆ ತಟ್ಟಿದೆ. ದೊಡ್ಡವರ ಹತ್ತಿರ ಕ್ಷಮೆ ಕೇಳುವುದು ಹಾಗೆ.

"ಎದ್ದೇಳಪ್ಪ. ಮಣ್ಣು ಮೆತ್ಕೊಳ್ಳತ್ತೆ," ಎಂದರು.

"ನಾಂಪುಂದು, ಕಾಗದ ಬಂತು. ನಿಮ್ಮ ಜಾಗ ಬಿಟ್ಟುಕೊಟ್ಟಿದಾರೆ."

"ಹೌದಾ." ತಲೆಯ ಬಟ್ಟೆ ಸರಿಮಾಡಿಕೊಂಡರು. "ಮತ್ತೆ ಹೆರಿಗೆ ವಾರ್ಡಲ್ಲಿ ಯಾರಿದಾರೆ ಈಗ?"

"ಎಮೆಲ್ಡಾನ ನಿಲ್ಲಿಸಿ ಬಂದಿದೀವಿ. ನಾಂಪುಂದು, ನನ್ನ ಬೈಯಿರಿ. ನಾಲ್ಕು ಜನರ ಮುಂದೆ ಬೈಯಿರಿ. ನಾನು ಕೊಂದೆ ಅಂತ ಹೇಳಿ."

"ನೀನೆಲ್ಲಿ ಕೊಂದೆ? ಕಾಯಿಲೆ ಕೊಂತು. ತೀರ್ಮಾನ ನಂದು, ನೀನು ಪಾಲಿಸ್ದೆ."

"ಹಾಗನ್ಬೇಡಿ. ಬೈಯಿರಿ."

ಅವರು ನನ್ನ ಕಡೆ ನೋಡಿದರು. ಅವರ ಕಣ್ಣು ಒಣಗಿತ್ತು.

"ಬೈದ್ರೆ ನಿಂಗೆ ಹಗುರಾಗತ್ತೆ ತಮ್ಮಾ. ಬೈಯಲ್ಲ."

ಅಲ್ಲಿಂದಾಚೆಗೆ ಅವರು ಮಲೂಬಾಳ ಜೊತೆ ದ್ವೀಪದಲ್ಲೇ ಉಳಿದರು. ಹಿಟ್ಟಿನ ಗಿರಣಿ ಹಾಕಲಿಲ್ಲ, ಹೆರಿಗೆಗೆ ಕರೆದವರ ಮನೆಗೆ ಹೋಗುತ್ತಿದ್ದರು. ವರ್ಷಕ್ಕೆ ಎರಡು ಮೂರು ಸಲ ನಾನು ದೋಣಿ ಹತ್ತಿ ನೋಡಲು ಹೋಗುತ್ತಿದ್ದೆ. ಹೋದಾಗಲೆಲ್ಲ ಅಸ್ತ್ರಿದಾಳನ್ನು ಕೇಳುತ್ತಿದ್ದರು, ನನ್ನ ಮಕ್ಕಳ ಓದು ಕೇಳುತ್ತಿದ್ದರು, ಹಸಿ ಮೀನು ತಂದು ಸಾರು ಮಾಡಿ ಹಾಕುತ್ತಿದ್ದರು. ಹೊರಡುವಾಗ ದಂಡೆಯ ತನಕ ಬಂದು ಕಳಿಸುತ್ತಿದ್ದರು. ಪ್ರತಿ ಸಲವೂ ದೋಣಿ ಹತ್ತುವ ಮುಂಚೆ ನಾನು ಬೇಕೆಂದೇ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ, ಈಗಲಾದರೂ ಬೈಯುತ್ತಾರೇನೋ ಎಂದು. ಹನ್ನೊಂದು ವರ್ಷ ಹಾಗೆ ನಿಂತೆ. ಅವರು ಸಾಯುವ ತನಕ ಬೈಯಲಿಲ್ಲ.